ನಾಲ್ಕುನೂರಾ ಹನ್ನೆರಡು ನಂಬರಿನ ಬಿಲ್ಲೆ

ನಮ್ಮೂರಿನ ಜನ ಎಷ್ಟು ಎಂದು ಯಾರಾದರೂ ಕೇಳಿದರೆ ‘ಸುಮಾರು’, ‘ಹತ್ತಿರಹತ್ತಿರ’ ಎಂಬ ಮಾತು ನಮ್ಮ ಬಾಯಿಂದ ಬರುವುದಿಲ್ಲ. ಹೊಳೆಯಾಚೆಯ ಊರಿನವರು ಹಾಗೆ ಹೇಳಿಕೊಳ್ಳಲಿ ಪಾಪ, ಅವರಿಗೆ ಗೊತ್ತಿಲ್ಲ. ನಮ್ಮಲ್ಲಿ ಇವತ್ತು ಬೆಳಿಗ್ಗೆ ಎಷ್ಟು ಮಂದಿ ಇದ್ದೇವೆ ಎಂಬುದು ಗಿರಣಿ ಗೇಟಿನ ಹಲಗೆಯ ಮೇಲೆ ನೇತಾಡುತ್ತಿರುತ್ತದೆ. ಹಿತ್ತಾಳೆಯ ಬಿಲ್ಲೆ, ತಲೆಗೊಂದು. ನಾನು ಆ ಗೇಟಿನ ಎದುರಿಗೇ ಚಹಾದಂಗಡಿ ಇಟ್ಟವನು. ಅದಕ್ಕೂ ಮೊದಲು ಗಿರಣಿಯ ಕ್ಯಾಂಟೀನಿನಲ್ಲಿ ಹದಿನಾರು ವರ್ಷ ಚಹಾ ಕಾಸಿದವನು. ದುಂಡಪ್ಪ ಅಂತ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಡುವೆ ಒಂದಿಷ್ಟು ಜಂಬ ಬೆರೆತರೆ ಸಹಿಸಿಕೊಳ್ಳಿ, ಇಂಥ ಊರಲ್ಲಿ ಹುಟ್ಟಿದವನಿಗೆ ಅಷ್ಟೂ ಬೇಡವೇ.

ಗಿರಣಿಗಿಂತ ಮೊದಲು ಇಲ್ಲಿ ಊರೇ ಇರಲಿಲ್ಲ. ಹೊಳೆ ಇತ್ತು, ಜಾಲಿ ಗಿಡಗಳಿದ್ದವು, ಆಡು ಮೇಯಿಸಲು ಬರುವ ಇಬ್ಬರು ಇದ್ದರು. ಧಣಿಗಳೊಬ್ಬರು ಎಲ್ಲಿಂದಲೋ ಬಂದು ನಲವತ್ತು ಮಗ್ಗ ಹೂಡಿದರು. ಮಗ್ಗ ನಡೆಸಲು ಮೋಮಿನರು ಬಂದರು, ಬಣ್ಣದ ಕೆಲಸಕ್ಕೆ ತೆಲುಗು ಮಾತಾಡುವ ಮಂದಿ ಬಂತು, ಯಂತ್ರ ನೋಡಿಕೊಳ್ಳಲು ಮರಾಠಿ ಫಿಟ್ಟರುಗಳು ಬಂದರು, ನೂಲು ಸುತ್ತಲು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬಂದರು. ಮೊದಲ ವರ್ಷ ಆರುನೂರು ಜನ. ಮೂವತ್ತು ವರ್ಷ ಆಗುವಷ್ಟರಲ್ಲಿ ಮೂರು ಪಾಳಿ, ಎಂಟು ಸಾಲು ಚಾಳು, ಎರಡು ಟಾಕೀಸು, ಆರು ಸಾವಿರ ಜನ. ಭೋಂಗಾ ಅಂದರೆ ನಮ್ಮ ಗಿರಣಿಯ ಸೈರನ್ನು. ಅದು ಕೂಗಿದಾಗ ಹೊಳೆಯಾಚೆಯವರೂ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಈಗ ಕೇಳಿದರೆ ಇಲ್ಲ ಅನ್ನುತ್ತಾರೆ. ನಮ್ಮ ಗಿರಣಿಯ ಧೋತರ ಮೂರು ತಲೆಮಾರು ಬಾಳುತ್ತಿತ್ತು. ಸರಿ, ಎರಡು ಅನ್ನೋಣ.

ಗಿರಣಿ ಮುಚ್ಚಿ ಮೂವತ್ತೆರಡು ವರ್ಷವಾಯಿತು. ಮುಚ್ಚಿದ ಮೇಲೆ ಮಗ್ಗ, ಬಾಯ್ಲರು, ಭೋಂಗಾ ಎಲ್ಲವೂ ಲಾರಿ ಹತ್ತಿ ಗುಜರಿಗೆ ಹೋದವು. ಕೆಲಸಗಾರರು ಹಾಜರಿಗೆ ತೂಗುಹಾಕುತ್ತಿದ್ದ ಬಿಲ್ಲೆಗಳನ್ನೂ ಗೋಣಿಚೀಲದಲ್ಲಿ ತುಂಬಿ ಒಯ್ದರು. ಬರಿ ಹಲಗೆ ಉಳಿಯಿತು, ಅದನ್ನು ಯಾರು ಕೊಳ್ಳಬೇಕು. ಮರುದಿನ ಬೆಳಿಗ್ಗೆ ತುಳಜವ್ವ ಟೈಮ್ ಆಫೀಸಿನ ಕದ ತೆಗೆದಾಗ ಹಲಗೆಯ ತುಂಬ ಬಿಲ್ಲೆಗಳು ನೇತಾಡುತ್ತಿದ್ದವು. ಗಿರಣಿಯಲ್ಲಿ ದುಡಿದವರದು ಹಳೆಯ ನಂಬರಿನಲ್ಲೇ ಇತ್ತು. ಎಂದೂ ಒಳಗೆ ಕಾಲಿಡದ ಮುದುಕಿಯರದು, ತೊಟ್ಟಿಲಲ್ಲಿದ್ದ ಕೂಸುಗಳದು ಹೊಸ ನಂಬರು. ತುಳಜವ್ವ ಆ ಆಫೀಸಿನ ಕಸ ಗುಡಿಸುವವಳು, ಕೊನೆಯ ದಿನ ಕೀಲಿಕೈ ಅವಳ ಬಳಿ ಉಳಿದಿತ್ತು. ಅಂದಿನಿಂದ ಹಲಗೆ ಅವಳದೇ ಸುಪರ್ದಿ.

ಮೊದಮೊದಲು ಮಂದಿ ಕೈಮುಗಿದರು, ಕುಂಕುಮ ಹಚ್ಚಲು ಬಂದರು. ತುಳಜವ್ವ ಹಿತ್ತಾಳೆ ಕಲೆಯಾಗುತ್ತದೆ ಎಂದು ಗದರಿಸಿ ಕಳಿಸಿದಳು. ಆಮೇಲೆ ಎಲ್ಲರಿಗೂ ರೂಢಿಯಾಯಿತು. ಮನೆಯಲ್ಲಿ ಹೆರಿಗೆಯಾದರೆ ಅಜ್ಜಿ ಮೊದಲು ಬಾಣಂತಿಗೆ ಬಿಸಿನೀರು ಕಾಯಿಸುತ್ತಾಳೆ, ಆಮೇಲೆ ನಂಬರು ನೋಡಲು ಗೇಟಿಗೆ ಓಡುತ್ತಾಳೆ. ಯಾರಾದರೂ ತೀರಿಕೊಂಡರೆ ಬಿಲ್ಲೆ ಇರುವುದಿಲ್ಲ. ಕದ ಹಾಕಿಕೊಂಡು ಊರು ಬಿಟ್ಟು ಹೋದವರದೂ ಇರುವುದಿಲ್ಲ. ಆ ನಂಬರು ಇನ್ನೊಬ್ಬರಿಗೆ ಬರುವುದೂ ಇಲ್ಲ. ಹೊರಗಿನಿಂದ ಬಂದವರಿಗೆ ಬಿಲ್ಲೆ ಯಾವಾಗ ಸಿಗುತ್ತದೆಂದು ಮಾತ್ರ ಹೇಳಲಾಗದು. ನಮ್ಮ ಶಾಲೆಯ ಮೇಷ್ಟ್ರಿಗೆ ಮೂರು ವರ್ಷವಾದರೂ ಬಂದಿರಲಿಲ್ಲ, ಪಾಪ ದಿನಾ ಬಂದು ಇಣುಕಿ ಹೋಗುತ್ತಿದ್ದರು. ಒಂದು ದಿನ ಹೊಳೆಯಾಚೆಯ ಸಂತೆಯಲ್ಲಿ ಯಾರೋ ನಮ್ಮೂರನ್ನು ಹಾಳೂರು ಅಂದರಂತೆ, ಮೇಷ್ಟ್ರು ಕೊಡೆ ತಿರುಗಿಸಿ ಅವನ ಮೇಲೆ ಏರಿಹೋದರಂತೆ. ಮರುದಿನ ಬೆಳಿಗ್ಗೆ ಅವರ ಬಿಲ್ಲೆ ಬಂತು.

ಇನ್ನು ಹಾಜರಿ. ಗಿರಣಿಯ ಭೋಂಗಾ ಮೊದಲ ಸಲ ಕೂಗಿದ ದಿನ, ವರ್ಷಕ್ಕೊಮ್ಮೆ, ಊರಿಗೆ ಊರೇ ಗೇಟಿನ ಮುಂದಿನ ಬಯಲಲ್ಲಿ ಸೇರುತ್ತೇವೆ. ತುಳಜವ್ವ ಮೆಟ್ಟಿಲ ಮೇಲೆ ನಿಂತು ಒಂದೊಂದೇ ನಂಬರು ಕರೆಯುತ್ತಾಳೆ, ನಂಬರಿನವರು ‘ಹಾಜರ್’ ಅನ್ನುತ್ತಾರೆ. ಕೂಸುಗಳ ಪರವಾಗಿ ತಾಯಂದಿರು ಅನ್ನುತ್ತಾರೆ. ಗಿರಣಿಯ ಕಾಯಿದೆಯ ಪ್ರಕಾರವೇ ಎಲ್ಲ, ಮೂರು ಸಲ ಕರೆದರೂ ಓಗೊಡದಿದ್ದರೆ ಗೈರುಹಾಜರಿ. ಮೂರು ತಾಸು ಹಿಡಿಯುತ್ತದೆ. ಬಿಸಿಲಿಗೆ ತಲೆ ಕಾಯುತ್ತದೆ, ಕಾಲು ನೋಯುತ್ತವೆ, ಆದರೆ ನನ್ನ ನಂಬರು ಬಂದು ನಾನು ಹಾಜರ್ ಅಂದಾಗ ಎದೆ ಎಷ್ಟು ಉಬ್ಬುತ್ತದೆಂದು ನಿಮಗೆ ಹೇಗೆ ಹೇಳಲಿ.

ಈಗ ಹೇಳಲು ನಾಲಿಗೆ ಹಿಂದೆಗೆಯುವ ಮಾತೊಂದಿದೆ. ಹೇಳಲೇಬೇಕು. ಹಲಗೆಯ ಮೇಲಿನ ಏಳು ಬಿಲ್ಲೆಗಳನ್ನು ತುಳಜವ್ವ ಎಂದೂ ಕರೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕದ ತೆಗೆದ ಕೂಡಲೇ ಆ ಏಳನ್ನೂ ಗೋಡೆಗೆ ಮುಖ ಮಾಡಿ ತಿರುಗಿಸಿಡುತ್ತಿದ್ದಳು. ಮರುದಿನ ಬೆಳಿಗ್ಗೆ ನೋಡಿದರೆ ಅವು ಮತ್ತೆ ನಮ್ಮ ಕಡೆ ಮುಖ ಮಾಡಿರುತ್ತಿದ್ದವು. ಅವಳು ಮತ್ತೆ ತಿರುಗಿಸುತ್ತಿದ್ದಳು. ಮೂವತ್ತೆರಡು ವರ್ಷ ಹಲಗೆಯೂ ಸೋಲಲಿಲ್ಲ, ಇವಳೂ ಸೋಲಲಿಲ್ಲ. ಏಳರಲ್ಲಿ ಮೊದಲನೆಯದು ನಾಲ್ಕುನೂರಾ ಹನ್ನೆರಡು, ಬಾಯ್ಲರ್ ಕಾಶಪ್ಪನದು. ಉಳಿದವು ಅವನ ಮಗ, ಸೊಸೆ, ಮೊಮ್ಮಗ, ಮೊಮ್ಮಗನ ಹೆಂಡತಿ ಮತ್ತು ಅವರ ಇಬ್ಬರು ಮಕ್ಕಳವು, ಮನೆ ಬೆಳೆದ ಹಾಗೆ ಒಂದೊಂದಾಗಿ ಬಂದು ಸೇರಿದವು.

ಮೂವತ್ತೆಂಟು ವರ್ಷದ ಹಿಂದೆ ನಮ್ಮಲ್ಲಿ ದೊಡ್ಡ ಮುಷ್ಕರ ನಡೆಯಿತು. ನೂರಾ ಹತ್ತು ದಿನ. ತುಳಜವ್ವನ ಅಪ್ಪ, ಮುಕಾದಮ ಅಂದರೆ ಮೇಸ್ತ್ರಿಯಾಗಿದ್ದ ಪರಸಪ್ಪ, ಅದರ ಮುಂದಾಳು. ಒಂದೇ ಒಂದು ಮನೆಯವರು ಒಳಗೆ ಹೋಗಲಿಲ್ಲ, ಜೋಳದ ನುಚ್ಚು ಹಂಚಿಕೊಂಡು ತಿಂದೆವು. ನೂರಾ ಎರಡನೆಯ ದಿನ ಪರಸಪ್ಪ ಜ್ವರ ಬಂದು ತೀರಿಕೊಂಡ. ಜ್ವರ ಅಂತ ಹೆಸರಿಗೆ, ಹೊಟ್ಟೆಯಲ್ಲಿ ಏನಾದರೂ ಇದ್ದಿದ್ದರೆ ಆ ಜ್ವರಕ್ಕೆ ಸಾಯುವ ಆಳಲ್ಲ ಅವನು. ಅದಾದ ಎಂಟನೆಯ ದಿನ ಬೆಳಿಗ್ಗೆ ಭೋಂಗಾ ಕೂಗಿತು. ಕಾಶಪ್ಪ ಹಿಂದಿನ ಗೋಡೆಯಿಂದ ಒಳಗೆ ಹೋಗಿ ಬಾಯ್ಲರಿಗೆ ಬೆಂಕಿ ಹಾಕಿದ್ದ. ಭೋಂಗಾ ಕೇಳಿದ ಮೇಲೆ ಮಂದಿಯ ಕೆಚ್ಚು ಉಳಿಯಲಿಲ್ಲ, ಮಧ್ಯಾಹ್ನದ ಪಾಳಿಗೆ ಅರ್ಧಕ್ಕರ್ಧ ಜನ ಗೇಟಿನ ಒಳಗಿದ್ದರು. ನಾನೂ ಇದ್ದೆ. ಕಾಶಪ್ಪನನ್ನು ಕೇಳಿದರೆ ಮನೆಯಲ್ಲಿ ಮಗ ಹಸಿದು ಅಳುತ್ತಿದ್ದ ಅಂದನಂತೆ. ಯಾರ ಮನೆಯಲ್ಲಿ ಅಳುತ್ತಿರಲಿಲ್ಲ?

ಒಳಗೆ ಹೋದವರೆಲ್ಲ ಸೇರಿ ಮೊದಲು ಹೋದವನೊಬ್ಬನ ತಲೆಗೆ ಪಾಪ ಕಟ್ಟಿದೆವು. ಅವನ ಹೆಸರು ಎತ್ತಬಾರದು, ಅವನ ಮನೆಯ ಕಟ್ಟೆ ತುಳಿಯಬಾರದು ಎಂದು ಮಾತಾಯಿತು, ಹಾಜರಿ ಶುರುವಾದ ಮೇಲೆ ನಂಬರೂ ಕರೆಯಬಾರದೆಂದಾಯಿತು. ಆತ ನೀರಿನ ಟಾಕಿಯ ಆಚೆ ಹೋಗಿ ಮನೆ ಕಟ್ಟಿಕೊಂಡ. ಹೆಂಡತಿ ಸತ್ತಾಗ ಹೆಗಲು ಕೊಡಲು ನಾಲ್ಕನೆಯ ಆಳು ಸಿಗದೆ ತಳ್ಳುಗಾಡಿಯಲ್ಲಿ ಒಯ್ದ. ಗಾಡಿ ನನ್ನ ಅಂಗಡಿಯ ಮುಂದೆಯೇ ಹಾದುಹೋಯಿತು. ನಾನು ಕಪ್ಪು ತೊಳೆಯುತ್ತ ಕೂತಿದ್ದೆ, ಏಳಲಿಲ್ಲ.

ಹೀಗಿರುವಾಗ ಈ ವರ್ಷ ಗಣತಿಯವರು ಬಂದರು. ನಿಂಬಾಳ ಸಾಹೇಬರು ಅಂತ, ಕೈಯಲ್ಲಿ ದಪ್ಪ ಪುಸ್ತಕ, ಬೆವರು ಒರೆಸಿ ಒರೆಸಿ ಕಪ್ಪಾದ ಕರವಸ್ತ್ರ. ಬಿಲ್ಲೆಯ ಸಂಗತಿ ಹೇಳಿದರೆ ನಕ್ಕು, ತಾವು ಮನುಷ್ಯರನ್ನು ಎಣಿಸುವವರು, ಹಿತ್ತಾಳೆಯನ್ನಲ್ಲ ಅಂದರು. ಒಂಬತ್ತು ದಿನ ಓಣಿ ಓಣಿ ಸುತ್ತಿದರು. ಪ್ರತಿ ಓಣಿಗೂ ನಮ್ಮವರೇ ಯಾರಾದರೂ ಜೊತೆಗೆ ಹೋಗಿ ಮನೆ ತೋರಿಸುತ್ತಿದ್ದೆವು. ಕೊನೆಗೆ ನನ್ನ ಅಂಗಡಿಯಲ್ಲಿ ಕೂತು ಮೊತ್ತ ಹಾಕಿದರು. ಸಾವಿರದ ಒಂಬೈನೂರ ತೊಂಬತ್ಮೂರು. ತುಳಜವ್ವ ಎದುರಿನ ಗೇಟಿನಿಂದಲೇ, ತನ್ನ ಎಣಿಕೆಯೂ ಅಷ್ಟೇ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ ಅಂದಳು. ಸಾಹೇಬರಿಗೆ ಮುಖ ಹುಳ್ಳಗಾಯಿತು. ನಾನು ಅವರಿಗೆ ಇನ್ನೊಂದು ಚಹಾ ಕೊಟ್ಟು, ನೋಡ್ರಿ ನಮ್ಮೂರು, ಅಂದೆ.

ಸಾಹೇಬರು ಚಹಾ ಕುಡಿಯಲಿಲ್ಲ. ಎರಡು ಸಾವಿರಕ್ಕಿಂತ ಕಡಿಮೆ ಜನ ಇರುವ ಊರನ್ನು ಪಟ್ಟಿಯಿಂದ ತೆಗೆಯುವುದು ಈಗಿನ ನಿಯಮ ಅಂದರು. ನಮ್ಮ ಮನೆಗಳು ಇಲ್ಲೇ ಇರುತ್ತವೆ, ಆದರೆ ಹೆಸರು ಹೊಳೆಯಾಚೆಯ ಊರಿನದಾಗುತ್ತದೆ. ನಾವು ಅವರ ಎಂಟನೆಯ ವಾರ್ಡು. ಗೇಟು, ಟೈಮ್ ಆಫೀಸು ಅವರ ಕೈಗೆ ಹೋಗುತ್ತವೆ, ಬೇಕಾದರೆ ಇಟ್ಟುಕೊಳ್ಳುತ್ತಾರೆ, ಬೇಡವಾದರೆ ಕೆಡವುತ್ತಾರೆ. ಪುಸ್ತಕ ಮುಚ್ಚಲು ಇನ್ನು ನಾಲ್ಕು ದಿನ ಇದೆ, ಎಲ್ಲಾದರೂ ಯಾರಾದರೂ ಬಿಟ್ಟುಹೋಗಿದ್ದರೆ ತೋರಿಸಿ ಅಂದರು. ನಾಲ್ಕನೆಯ ದಿನ ಅಂದರೆ ನಮ್ಮ ಹಾಜರಿಯ ದಿನ.

ಅಂಗಡಿಯಲ್ಲಿ ಇದ್ದವರು ಹತ್ತು ಹನ್ನೆರಡು ಮಂದಿ. ಎಲ್ಲರಿಗೂ ಲೆಕ್ಕ ಬರುತ್ತದೆ, ತೊಂಬತ್ಮೂರಕ್ಕೆ ಏಳು ಸೇರಿದರೆ ಎಷ್ಟಾಗುತ್ತದೆಂದು ತಿಳಿಯದವರಿಲ್ಲ. ಒಂಬತ್ತು ದಿನ ಸಾಹೇಬರ ಜೊತೆ ತಿರುಗಿದವರಲ್ಲಿ ಒಬ್ಬರೂ ನೀರಿನ ಟಾಕಿಯ ಆಚೆಯ ಮನೆ ತೋರಿಸಿರಲಿಲ್ಲ. ಬೇಕೆಂದು ಬಚ್ಚಿಟ್ಟದ್ದಲ್ಲ, ದೇವರಾಣೆ. ಅಲ್ಲಿ ಮನೆಯಿದೆ ಅನ್ನುವುದೇ ನಮ್ಮ ತಲೆಗೆ ಬರುವುದು ನಿಂತುಹೋಗಿತ್ತು.

ಅಂದು ಸಂಜೆ ಗೇಟಿನ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಹೆಸರು ಹೋದರೆ ಹೋಗಲಿ, ಮುಷ್ಕರ ಮುರಿದವನ ನಂಬರು ಕರೆದು ಉಳಿಸಿಕೊಳ್ಳುವ ಹೆಸರು ಬೇಡ ಅಂತ ಕೆಲವರು. ಅವರಲ್ಲಿ ನನ್ನ ದನಿಯೇ ಜೋರಾಗಿತ್ತು, ನಾಚಿಕೆಯಾಗುತ್ತದೆ ಈಗ. ಮೇಷ್ಟ್ರು ಮಾತ್ರ ಮೆಲ್ಲಗೆ ಒಂದು ಮಾತಾಡಿದರು. ತಮಗೆ ಬಿಲ್ಲೆ ಬರಲು ಮೂರು ವರ್ಷ ಹಿಡಿಯಿತು, ಕಾಶಪ್ಪನ ಬಿಲ್ಲೆ ಮೊದಲ ದಿನವೇ ಬಂದಿದೆ, ಇವತ್ತಿಗೂ ಹೋಗಿಲ್ಲ, ಹಲಗೆಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆಯೇ ಅಂತ. ಎಲ್ಲರೂ ತುಳಜವ್ವನ ಮುಖ ನೋಡಿದರು. ಸತ್ತದ್ದು ಅವಳ ಅಪ್ಪ, ಹಲಗೆ ಅವಳ ಸುಪರ್ದಿ. ಅವಳು ಸೆರಗು ಸಿಕ್ಕಿಸಿಕೊಂಡು ಮನೆಗೆ ಹೋದಳು.

ಮರುದಿನ ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಕಾಶಪ್ಪನ ಮನೆಗೆ ಜೊತೆಗೆ ಬಾ ಅಂದಳು. ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲವಂತೆ. ನನ್ನನ್ನೇ ಏಕೆ ಕರೆದಳೋ, ಹೆಚ್ಚು ಕೂಗಾಡಿದವನು ನಾನೇ ಎಂದಿರಬೇಕು. ಟಾಕಿ ದಾಟಿದ ಮೇಲೆ ಅವಳ ನಡಿಗೆ ನಿಧಾನವಾಯಿತು. ತನ್ನ ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಕೇಳಿದಳು. ಅವಳೇ, ಅಪ್ಪ ಇದ್ದಿದ್ದರೆ ತಾನು ಇಷ್ಟು ವರ್ಷ ಅವನ ಸಿಟ್ಟನ್ನು ಹೊತ್ತು ತಿರುಗಬೇಕಾಗಿರಲಿಲ್ಲ, ತನ್ನ ಸಿಟ್ಟು ಯಾವುದು ಅವನ ಸಿಟ್ಟು ಯಾವುದು ಎಂದು ಈಗ ತಿಳಿಯುವುದೇ ಇಲ್ಲ ಅಂದಳು.

ಕಾಶಪ್ಪ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಎಂಬತ್ನಾಲ್ಕು ವಯಸ್ಸು, ಬಾಯ್ಲರಿನ ಬೆಂಕಿಗೆ ಸುಟ್ಟ ಮುಂಗೈ ಈಗಲೂ ಹಾಗೇ ಇತ್ತು. ನಮ್ಮನ್ನು ಕಂಡು ಏಳಲಿಲ್ಲ, ಬನ್ನಿ ಅನ್ನಲೂ ಇಲ್ಲ. ಅವನ ಸೊಸೆ ರುದ್ರವ್ವ ಮಾತ್ರ ಗಾಬರಿಯಾಗಿ ಎರಡು ತಂಬಿಗೆ ನೀರು ತಂದಿಟ್ಟಳು. ತುಳಜವ್ವ ನಿಂತೇ ಎಲ್ಲ ಹೇಳಿದಳು, ಗಣತಿ, ಎರಡು ಸಾವಿರ, ಏಳು ಜನ. ನೋಟೀಸು ಓದಿದ ಹಾಗಿತ್ತು ಅವಳ ದನಿ. ಮುದುಕ ಪೂರ್ತಿ ಕೇಳಿಸಿಕೊಂಡ.

“ಮಕ್ಕಳು ಮೊಮ್ಮಕ್ಕಳು ಬರ್ತಾರ. ಅವರೇನ ಮಾಡ್ಯಾರ, ಅವರನ ಕರೀರಿ,” ಅಂದ. “ನನ್ನ ಸುದ್ದಿ ಬ್ಯಾರೆ. ಲೆಕ್ಕಕ್ಕ ಒಂದ ತಲಿ ಕಡಿಮಿ ಬಿತ್ತು ಅಂತ ನನ್ನ ಕರೀಬ್ಯಾಡ್ರಿ. ಅಂಥಾ ಕರಿಗೆ ನಾ ಓ ಅನ್ನೂದಿಲ್ಲ.”

ತುಳಜವ್ವನ ಮುಖ ಕೆಂಪಾಯಿತು. ಊರ ಹೆಸರು ಹೋಗುವ ಹೊತ್ತಿನಲ್ಲೂ ಇವನ ಠೇಂಕಾರ ನೋಡು ಎಂದು ದಾರಿಯುದ್ದಕ್ಕೂ ಬೈದಳು. ಆದರೂ ಗೇಟಿನ ಹತ್ತಿರ ಬಂದಾಗ ಸುಮ್ಮನೆ ನಿಂತು, ಠೇಂಕಾರ ಇರಲಿಕ್ಕೇ ಬೇಕಲ್ಲ, ನಮ್ಮೂರವನೇ ತಾನೆ, ಅಂದಳು. ಅಂದ ಮೇಲೆ ತಾನೇ ಬೆಚ್ಚಿಬಿದ್ದು ನನ್ನನ್ನು ನೋಡಿದಳು. ನಾನು ಕೇಳಿಸದವನ ಹಾಗೆ ಮುಂದೆ ನಡೆದೆ.

ಹಾಜರಿಯ ದಿನ ಬಯಲು ಹಿಂದೆಂದೂ ಹಾಗೆ ತುಂಬಿರಲಿಲ್ಲ. ಹಾಸಿಗೆ ಹಿಡಿದವರನ್ನೂ ಮಂಚದ ಸಮೇತ ಎತ್ತಿ ತಂದಿದ್ದರು. ನಿಂಬಾಳ ಸಾಹೇಬರು ಮೆಟ್ಟಿಲ ಪಕ್ಕ ಮೇಜು ಹಾಕಿಕೊಂಡು ಕೂತರು, ಓಗೊಟ್ಟವರಿಗೆಲ್ಲ ಪುಸ್ತಕದಲ್ಲಿ ಗುರುತು ಹಾಕುವುದೆಂದು ಮಾತಾಗಿತ್ತು. ಕಾಶಪ್ಪನ ಮನೆಯ ಏಳೂ ಜನ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದರು. ಸುತ್ತ ಹತ್ತು ಮಾರು ಜಾಗ ಖಾಲಿ. ಯಾರೂ ಹೋಗೆಂದಿರಲಿಲ್ಲ, ಆದರೆ ಹತ್ತಿರ ನಿಂತವರೂ ಇರಲಿಲ್ಲ.

ತುಳಜವ್ವ ಕರೆಯತೊಡಗಿದಳು. ಅವಳ ದನಿ ಏನು ದನಿ, ಭೋಂಗಾ ಹೋದರೂ ಅದು ಇದೆ ನಮಗೆ. ಮೂರುನೂರು ದಾಟಿತು, ನಾಲ್ಕುನೂರು ಬಂತು. ನಾಲ್ಕುನೂರಾ ಹತ್ತು, ಹಾಜರ್. ನಾಲ್ಕುನೂರಾ ಹನ್ನೊಂದು, ಹಾಜರ್. ನಾಲ್ಕುನೂರಾ ಹದಿಮೂರು.

ಹದಿಮೂರರವನು ನಮ್ಮ ಮೋಮಿನರ ಬಾಬಾಲಾಲ. ಓಗೊಡದೆ ಬಾಯಿ ತೆರೆದು ನಿಂತುಬಿಟ್ಟ. ಊರೆಲ್ಲ ನಿಟ್ಟುಸಿರು ಬಿಟ್ಟಿತು. ಬೇಕೆಂದೇ ಬಿಟ್ಟಳೋ, ಮೂವತ್ತೆರಡು ವರ್ಷದ ರೂಢಿಗೆ ನಾಲಿಗೆ ತಾನಾಗಿ ಜಿಗಿಯಿತೋ, ಇವತ್ತಿಗೂ ತನಗೆ ಗೊತ್ತಿಲ್ಲ ಅನ್ನುತ್ತಾಳೆ. ಕಾಶಪ್ಪ ಹೊರಡಬಹುದೆಂದು ನಾನು ಅತ್ತ ನೋಡಿದೆ. ಅವನು ಕೋಲಿನ ಮೇಲೆ ಎರಡೂ ಕೈ ಊರಿ ಅಲ್ಲೇ ನಿಂತಿದ್ದ. ಹಾಜರಿಯಲ್ಲಿ ಹಿಂದೆ ಹೋಗುವ ಪದ್ಧತಿ ಇಲ್ಲ, ಹದಿಮೂರನ್ನು ಇನ್ನೊಮ್ಮೆ ಕರೆದು ಬಾಬಾಲಾಲನಿಂದ ಹಾಜರ್ ಅನ್ನಿಸಿ ಅವಳು ಮುಂದೆ ಕರೆದಳು.

ಅವನ ಮಗನ ನಂಬರು ಬಂತು. ಕರೆದಳು. ಬೇವಿನ ಗಿಡದ ಕೆಳಗಿನಿಂದ ‘ಹಾಜರ್’ ಎಂಬ ದನಿ ಬಂದಾಗ ಮಂದಿ ತಿರುಗಿ ತಿರುಗಿ ನೋಡಿದರು. ಐವತ್ತರ ಗಂಡಸು, ಊರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು. ಸೊಸೆಯದಾಯಿತು, ಮೊಮ್ಮಗನದಾಯಿತು, ಅವನ ಹೆಂಡತಿಯದಾಯಿತು. ಮಕ್ಕಳಲ್ಲಿ ದೊಡ್ಡದು ತಾಯಿಗೆ ಕಾಯದೆ ತಾನೇ ಕೂಗಿತು. ಸಣ್ಣದರ ಪರವಾಗಿ ರುದ್ರವ್ವ ಕೂಗಿದಳು, ಕೂಗುವಾಗ ಅಳುತ್ತಿದ್ದಳು. ಕೊನೆಯ ಬಿಲ್ಲೆ ಮುಗಿಯಿತು. ನಿಂಬಾಳ ಸಾಹೇಬರು ಕೂಡಿಸಿದರು, ಇನ್ನೊಮ್ಮೆ ಕೂಡಿಸಿದರು, ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಅಂದರು.

ತುಳಜವ್ವ ಹಲಗೆಯ ಕಡೆ ತಿರುಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು ನಮಗೆ. ಆಮೇಲೆ ಈ ಕಡೆ ತಿರುಗಿ, ಕೆಳಗೆ ನೋಡುತ್ತ, ನಾಲ್ಕುನೂರಾ ಹನ್ನೆರಡು ಅಂದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದಳು, ಈ ಸಲ ಜೋರಾಗಿ. ಮುದುಕ ಕಣ್ಣು ಮಿಟುಕಿಸಲಿಲ್ಲ. ಅವನ ಮಗ ಅವನ ತೋಳು ಹಿಡಿದು ಏನೋ ಅಂದ, ಅವನು ತೋಳು ಕೊಡವಿಕೊಂಡ. ಇನ್ನೊಂದೇ ಕರೆ ಉಳಿದಿತ್ತು. ಅದಕ್ಕೂ ಓಗೊಡದಿದ್ದರೆ ಗೈರುಹಾಜರಿ, ಪುಸ್ತಕ ಮುಚ್ಚುತ್ತದೆ, ನಾವು ಹೊಳೆಯಾಚೆಯ ಎಂಟನೆಯ ವಾರ್ಡು. ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕಿದರು, ಮತ್ತೆ ತೆಗೆದರು.

ತುಳಜವ್ವ ಮೆಟ್ಟಿಲಿಳಿದಳು. ಹಾಜರಿಯ ನಡುವೆ ಅವಳು ಮೆಟ್ಟಿಲಿಳಿದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮಂದಿ ಎರಡು ಭಾಗವಾಗಿ ದಾರಿ ಬಿಟ್ಟರು. ಆ ಹತ್ತು ಮಾರು ಖಾಲಿ ಜಾಗ ದಾಟಿ ಅವನೆದುರು ನಿಂತಳು. ನಾನು ಹಿಂದೆಯೇ ಹೋಗಿದ್ದೆ, ಅದಕ್ಕೇ ಒಂದೊಂದು ಮಾತೂ ನನಗೆ ಕೇಳಿಸಿತು.

“ನಮ್ಮಪ್ಪ ಸತ್ತದ್ದನ್ನ ನಾ ಮರೆಯೂದಿಲ್ಲ, ಕಾಶಪ್ಪ ಕಾಕಾ. ನಿನಗ ಮಾಫಿ ಮಾಡೂದು ನನ್ನ ಕಡಿಂದ ಆಗೂದಿಲ್ಲ,” ಅಂದಳು. “ಕಾಕೂನ ಹೆಣಕ್ಕ ನಾವು ಹೆಗಲ ಕೊಡಲಿಲ್ಲ. ಅದನ್ನ ನೀನೂ ಮರೀಬ್ಯಾಡ, ನಮಗ ಮಾಫಿ ಮಾಡಬ್ಯಾಡ. ಆದರ ಇದು ನಿನ್ನೂರು. ಲೆಕ್ಕಕ್ಕ ಹೇಳಾಕತ್ತಿಲ್ಲ ನಾ. ನಾಳೆ ಊರಾಗ ಹತ್ತ ಸಾವಿರ ಮಂದಿ ಆದರೂ ನಿನ್ನ ನಂಬರ ನಾ ಕರೀತೀನಿ.”

ಮೂವತ್ತೆಂಟು ವರ್ಷದಲ್ಲಿ ಮುದುಕನನ್ನು ಮನೆಯ ಹೊರಗಿನವರು ಕಾಕಾ ಅಂದದ್ದು ಅದೇ ಮೊದಲು. ಅವಳು ಅಲ್ಲಿಂದಲೇ, ಅವನ ಮುಖ ನೋಡುತ್ತ, ಮೆಟ್ಟಿಲ ಮೇಲೆ ನಿಂತಷ್ಟೇ ಗಟ್ಟಿಯಾಗಿ ಮೂರನೆಯ ಸಲ ಕರೆದಳು.

“ನಾಲ್ಕುನೂರಾ ಹನ್ನೆರಡು.”

ಕಾಶಪ್ಪ ಕೋಲು ಬಿಟ್ಟು ನೆಟ್ಟಗೆ ನಿಂತ, ಗಿರಣಿಯಲ್ಲಿ ಸಾಹೇಬರ ಮುಂದೆ ನಿಲ್ಲುತ್ತಿದ್ದ ಹಾಗೆ. ತುಟಿ ಅಲ್ಲಾಡಿದವು. ದನಿ ಅರ್ಧವಷ್ಟೇ ಹೊರಗೆ ಬಂತು. ಪಕ್ಕದಲ್ಲಿದ್ದ ನನಗೇ ಕಿವಿಗೊಟ್ಟು ಕೇಳಬೇಕಾಯಿತು.

ಅಷ್ಟು ದೂರದಲ್ಲಿ ಮೇಜಿನ ಹಿಂದಿದ್ದ ನಿಂಬಾಳ ಸಾಹೇಬರು ಎದ್ದು ನಿಂತು, ಅಜ್ಜಾರು ಏನಂದರು, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕು ಅಂದರು. ತುಳಜವ್ವ ಅವರ ಕಡೆ ತಿರುಗಲೂ ಇಲ್ಲ.

“ನಮಗ ಕೇಳಿಸೇತಿ, ಸಾಹೇಬ್ರ. ನೀವು ಬರಕೋರಿ.”